ಬೈಕ್ ಬುಕ್ ಮಾಡೋ ಮುಂಚೆ ಶೋರೂಮ್ ಹಿಂದಿರೋ ವರ್ಕ್‌ಶಾಪ್ ನೋಡ್ಕೊಂಡು ಬನ್ನಿ

ಬಸ್ಸಲ್ಲಿ ಸೀಟ್ ಸಿಕ್ಕಿ ಕೂತಿರೋರು, ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತಿರೋರು, ಎಲ್ಲರಿಗೂ ಸ್ವಾಗತ. ಬೈಕ್ ಓಡಿಸ್ತಾ ಹೆಲ್ಮೆಟ್ ಒಳಗೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ರೆ ಮಾತ್ರ ದಯವಿಟ್ಟು ಇಲ್ಲೇ ನಿಲ್ಲಿಸಿ. ಮನೆ ಸೇರಿದ ಮೇಲೆ ಕೇಳಿ, ನಾನೇನು ಎಲ್ಲೂ ಓಡಿ ಹೋಗಲ್ಲ.

ಇವತ್ತಿನ ವಿಷಯ ಬೈಕ್. ಆದ್ರೆ ಯಾವ ಬೈಕ್ ತಗೋಬೇಕು ಅಂತ ಹೇಳೋಕೆ ಬಂದಿಲ್ಲ. ಮೈಲೇಜ್, ಪಿಕಪ್, ಎಕ್ಸಾಸ್ಟ್ ಸೌಂಡ್ ಬಗ್ಗೆ ಹೇಳೋಕೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾವು ಮಾತಾಡೋದು ಎಲ್ಲಿ ತಗೋಬೇಕು, ಎಲ್ಲಿ ಸರ್ವಿಸ್ ಮಾಡಿಸ್ಬೇಕು ಅನ್ನೋದರ ಬಗ್ಗೆ.

ನಾನು ಬಿ.ಕಾಂ ಓದಿದವನು, ಹಾಗಾಗಿ ಮೊದಲು ಲೆಕ್ಕ. ಒಂದು ಬೈಕನ್ನ ಎಂಟು ವರ್ಷ ಇಟ್ಕೋತೀರಿ ಅಂದ್ಕೊಳ್ಳಿ. ವರ್ಷಕ್ಕೆ ಮೂರು ಸರ್ವಿಸ್ ಅಂದ್ರೂ 24 ಸಲ ವರ್ಕ್‌ಶಾಪ್‌ಗೆ ಹೋಗ್ತೀರಿ. ಸೇಲ್ಸ್‌ನವರ ಮುಖ ನೋಡೋದು ಎರಡು ಸಲ, ಹೆಚ್ಚಂದ್ರೆ ಮೂರು ಸಲ. ಆದ್ರೂ ನಾವು ಡೀಲರ್‌ನ ಆರಿಸೋದು ಎಸಿ ಹಾಕಿದ ಶೋರೂಮ್, ಕಾಫಿ, ಡಿಸ್ಕೌಂಟ್ ನೋಡಿ. ಕೀ ಕೊಟ್ಟು ಕೇಕ್ ಕಟ್ ಮಾಡಿಸಿ ಫೋಟೋ ತೆಗೆದ ಮೇಲೆ ಆ ಸೇಲ್ಸ್ ಹುಡುಗ ನಿಮ್ಮ ಫೋನ್ ಎತ್ತುತ್ತಾನೋ ಇಲ್ವೋ. ಆಮೇಲೆ ನಿಮ್ಮ ಸಂಬಂಧ ಏನಿದ್ರೂ ಹಿಂದುಗಡೆ ಇರೋ ವರ್ಕ್‌ಶಾಪ್ ಜೊತೆ.

ಬೈಕ್ ಆಯುಷ್ಯ ಎಷ್ಟರ ಮಟ್ಟಿಗೆ ಮೆಕ್ಯಾನಿಕ್ ಕೈಯಲ್ಲಿದೆ ಅಂತ ತಿಳ್ಕೋಬೇಕಾದ್ರೆ ಮೈಸೂರಿಗೆ ಹೋಗಿ. ಅಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಂಪನಿ ಇಲ್ಲ, ಶೋರೂಮ್ ಇಲ್ಲ. ಆದ್ರೂ ಹಳೇ ಜಾವಾ, ಯೆಜ್ಡಿ ಗಾಡಿಗಳು ಇವತ್ತಿಗೂ ಆ ಊರಿನ ರಸ್ತೆಯಲ್ಲಿ ಓಡ್ತಿವೆ. ಕಾರಣ, ಆ ಗಾಡಿಯ ಒಂದೊಂದು ಬೋಲ್ಟೂ ಗೊತ್ತಿರೋ ಕೈಗಳು ಅಲ್ಲಿದ್ವು. ಹೊಸ ಗಾಡಿಗಳಿಗೆ ಸ್ಕ್ಯಾನರ್, ಸೆನ್ಸರ್ ಎಲ್ಲ ಬಂದಿರಬಹುದು, ಮಾತು ಮಾತ್ರ ಹಳೇದೇ.

ಹಾಗಾಗಿ ಬುಕ್ ಮಾಡೋ ಮುಂಚೆ ಒಂದು ಶನಿವಾರ ಬೆಳಗ್ಗೆ, ಸರ್ವಿಸ್‌ಗೆ ಗಾಡಿ ಬಿಡೋ ಹೊತ್ತಿಗೆ, ವರ್ಕ್‌ಶಾಪ್ ಹತ್ರ ಹೋಗಿ ನಿಂತ್ಕೊಳ್ಳಿ. ಅರ್ಧ ಗಂಟೆ ಸಾಕು.

ಮೊದಲು ನೋಡ್ಬೇಕಾದ್ದು ಜಾಬ್ ಕಾರ್ಡ್. ಗಿರಾಕಿ ಹೇಳಿದ್ದನ್ನ ಸರ್ವಿಸ್ ಅಡ್ವೈಸರ್ ಬರ್ಕೋತಾರಾ? ಅಥವಾ ತಲೆ ಆಡಿಸಿ 'ಆಯ್ತು ಸರ್, ಸಂಜೆ ಬನ್ನಿ' ಅಂತಾರಾ? ಹಿಂದಿನ ಬ್ರೇಕ್ ಶಬ್ದ ಬರ್ತಿದೆ ಅಂದಾಗ ಗಾಡಿ ಹತ್ತಿ ಒಂದು ರೌಂಡ್ ಹೊಡೆದು ನೋಡ್ತಾರಾ? ಟ್ಯಾಂಕ್ ಮೇಲಿನ ಗೀರು, ಪೆಟ್ರೋಲ್ ಮಟ್ಟ, ಕಿಲೋಮೀಟರ್ ರೀಡಿಂಗ್ ನೋಟ್ ಮಾಡ್ತಾರಾ? ಇಷ್ಟು ಮಾಡೋ ಕಡೆ ಅರ್ಧ ಜಗಳ ಹುಟ್ಟೋದೇ ಇಲ್ಲ.

ಆಮೇಲೆ ಸಂಜೆ ಹೊತ್ತು, ಡೆಲಿವರಿ ಟೈಮಲ್ಲಿ ಮತ್ತೊಂದ್ಸಲ ಹೋಗಿ. ಬಿಲ್ ಕೌಂಟರ್ ಹತ್ರ ಎಷ್ಟು ಜನ ಧ್ವನಿ ಏರಿಸಿ ಮಾತಾಡ್ತಿದ್ದಾರೆ ಕೇಳಿಸ್ಕೊಳ್ಳಿ. ಪಕ್ಕದ ಟೀ ಅಂಗಡೀಲಿ ನಿಂತು, ಗಾಡಿಗೆ ಕಾಯ್ತಿರೋ ಒಬ್ಬರನ್ನ 'ಹೇಗಿದೆ ಅಣ್ಣಾ ಇಲ್ಲಿ ಸರ್ವಿಸ್?' ಅಂತ ಕೇಳಿದ್ರೆ ಸಾಕು. ಗೂಗಲ್‌ನ ಐದು ಸ್ಟಾರ್‌ಗಿಂತ ಆ ಉತ್ತರ ನಂಬಬಹುದು. ಡೆಲಿವರಿ ದಿನ ಖುಷಿಯಲ್ಲಿರೋವಾಗಲೇ ಫೋನ್ ಇಸ್ಕೊಂಡು ರೇಟಿಂಗ್ ಹಾಕಿಸ್ಕೊಳ್ಳೋದು ನೀವೂ ನೋಡಿರ್ತೀರಿ. ರಿವ್ಯೂ ಓದೋದಾದ್ರೆ ಎರಡು, ಮೂರು ಸ್ಟಾರ್ ಕೊಟ್ಟವರದ್ದು ಓದಿ. ಅವರು ಸಿಟ್ಟಲ್ಲೂ ಇರಲ್ಲ, ಖುಷಿಯಲ್ಲೂ ಇರಲ್ಲ, ಆಗಿದ್ದು ಬರೆದಿರ್ತಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ತಗೊಂಡ ಕಡೆನೇ ಸರ್ವಿಸ್ ಮಾಡಿಸ್ಬೇಕು ಅಂತೇನಿಲ್ಲ. ಸಾಮಾನ್ಯವಾಗಿ ಅದೇ ಕಂಪನಿಯ ಬೇರೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೂ ಫ್ರೀ ಸರ್ವಿಸ್, ವಾರಂಟಿ ನಡೆಯುತ್ತೆ. ಕೂಪನ್, ಸರ್ವಿಸ್ ದಾಖಲೆ ಇಟ್ಕೊಂಡಿರ್ಬೇಕು ಅಷ್ಟೆ. ಹಾಗಾಗಿ ಒಳ್ಳೆ ರೇಟ್ ಕೊಟ್ಟ ಡೀಲರ್ ಹತ್ರ ತಗೊಂಡು, ಮನೆ ಹತ್ರ ಇರೋ ಒಳ್ಳೆ ವರ್ಕ್‌ಶಾಪ್‌ನಲ್ಲಿ ಬಿಡೋದೂ ಒಂದು ದಾರಿ.

ಸರಿ, ವರ್ಕ್‌ಶಾಪ್ ಇಷ್ಟ ಆಯ್ತು. ಈಗ ಕೊಟೇಶನ್. 'ಆನ್ ರೋಡ್ ಇಷ್ಟು' ಅಂತ ವಿಸಿಟಿಂಗ್ ಕಾರ್ಡ್ ಹಿಂದೆ ಬರೆದು ಕೊಟ್ರೆ ತಗೋಬೇಡಿ. ಒಂದೊಂದು ಬಾಬ್ತೂ ಬೇರೆ ಬೇರೆ ಸಾಲಲ್ಲಿ ಇರೋ ಪ್ರಿಂಟ್ ಕೇಳಿ. ಎಕ್ಸ್ ಶೋರೂಮ್ ಬೆಲೆ, ರೋಡ್ ಟ್ಯಾಕ್ಸ್, ನೋಂದಣಿ ಶುಲ್ಕ, ಇನ್ಶೂರೆನ್ಸ್. ಇವು ಇರಲೇಬೇಕಾದ ಸಾಲುಗಳು.

ಎಕ್ಸ್ ಶೋರೂಮ್ ಬೆಲೆಯೊಳಗೆ ಜಿಎಸ್‌ಟಿ ಸೇರಿರುತ್ತೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, 350 ಸಿಸಿ ದಾಟಿದ್ರೆ ಶೇ 40. ಗಾಡಿ ಬೆಲೆ ಮೇಲೆ ಮತ್ತೆ 'ಜಿಎಸ್‌ಟಿ ಎಕ್ಸ್‌ಟ್ರಾ' ಅಂತ ಸಾಲು ಕಂಡ್ರೆ ಅದು ಯಾವುದರ ಮೇಲೆ ಅಂತ ಕೇಳಿ.

ಇನ್ಶೂರೆನ್ಸ್‌ಗೆ ಬರೋಣ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕ್‌ಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಆದ್ರೆ ನಿಮ್ಮ ಗಾಡಿಯ ಡ್ಯಾಮೇಜ್‌ಗೆ ಮಾಡಿಸೋ ಓನ್ ಡ್ಯಾಮೇಜ್ ಕವರ್ ಒಂದು ವರ್ಷಕ್ಕೆ ಮಾತ್ರ ತಗೋಬಹುದು. ಡೀಲರ್ ಹೇಳಿದ ಕಂಪನಿಯಲ್ಲೇ ಮಾಡಿಸ್ಬೇಕು ಅಂತ ಯಾವ ನಿಯಮವೂ ಇಲ್ಲ. ಆನ್‌ಲೈನ್‌ನಲ್ಲಿ ರೇಟ್ ನೋಡಿ, ಆ ಸ್ಕ್ರೀನ್ ತೋರಿಸಿ. ಎಷ್ಟೋ ಕಡೆ ಅಲ್ಲೇ ರೇಟ್ ಇಳಿಯುತ್ತೆ. ಹೊರಗಡೆ ಮಾಡಿಸೋದಾದ್ರೆ, ನೀವು ಆರಿಸಿದ ವರ್ಕ್‌ಶಾಪ್‌ನಲ್ಲಿ ಆ ಕಂಪನಿಯ ಕ್ಯಾಶ್‌ಲೆಸ್ ಕ್ಲೇಮ್ ನಡೆಯುತ್ತಾ ಅಂತ ಮೊದಲೇ ಕೇಳ್ಕೊಳ್ಳಿ.

ಇನ್ನು 'ಹ್ಯಾಂಡ್ಲಿಂಗ್ ಚಾರ್ಜ್', 'ಲಾಜಿಸ್ಟಿಕ್ಸ್', 'ಡಾಕ್ಯುಮೆಂಟೇಶನ್', 'ಎಸೆನ್ಶಿಯಲ್ ಕಿಟ್'. ಇವು ಸರ್ಕಾರಕ್ಕೆ ಹೋಗೋ ದುಡ್ಡಲ್ಲ. 'ಇದು ಯಾವ ಸರ್ವಿಸ್‌ಗೆ, ರಸೀದಿ ಕೊಡ್ತೀರಾ?' ಅಂತ ನಗ್ತಾನೇ ಕೇಳಿ. ಕ್ರ್ಯಾಶ್ ಗಾರ್ಡ್, ಸೀಟ್ ಕವರ್, ಟೆಫ್ಲಾನ್ ಕೋಟಿಂಗ್ ಬೇಕಾದ್ರೆ ತಗೊಳ್ಳಿ, ಬೇಡ ಅಂದ್ರೆ ಬೇಡ ಅನ್ನಿ. ಹೆಲ್ಮೆಟ್ ಕೇಳೋದು ಮಾತ್ರ ಮರೀಬೇಡಿ. ಹೊಸ ದ್ವಿಚಕ್ರ ವಾಹನದ ಜೊತೆ ಐಎಸ್‌ಐ ಗುಣಮಟ್ಟದ ಹೆಲ್ಮೆಟ್ ಕೊಡ್ಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ.

ಸಾಲದ ವಿಷಯದಲ್ಲಿ ಸ್ವಲ್ಪ ಜಾಸ್ತಿ ಹುಷಾರಾಗಿರಿ. 'ಬರೀ 10 ಪರ್ಸೆಂಟ್ ಸರ್' ಅಂತಾರೆ. ಫ್ಲ್ಯಾಟ್ ರೇಟಾ, ರಿಡ್ಯೂಸಿಂಗ್ ರೇಟಾ ಅಂತ ಕೇಳಿ. 1 ಲಕ್ಷ ಸಾಲ, ಮೂರು ವರ್ಷ, ಫ್ಲ್ಯಾಟ್ 10 ಅಂದ್ರೆ ಬಡ್ಡಿ 30,000, ತಿಂಗಳ ಕಂತು ಸುಮಾರು 3,611 ರೂಪಾಯಿ. ಅದೇ 10 ಪರ್ಸೆಂಟ್ ರಿಡ್ಯೂಸಿಂಗ್ ಆದ್ರೆ ಕಂತು ಸುಮಾರು 3,227, ಒಟ್ಟು ಬಡ್ಡಿ 16,000ದ ಆಸುಪಾಸು. ನೀವು ತೀರಿಸಿರೋ ಅಸಲಿನ ಮೇಲೂ ಫ್ಲ್ಯಾಟ್ ರೇಟಲ್ಲಿ ಬಡ್ಡಿ ಬೀಳ್ತಾನೇ ಇರುತ್ತೆ. ನಿಜವಾಗಿ ನೋಡಿದ್ರೆ ಅದು ಹತ್ತಿರ ಹತ್ತಿರ 18 ಪರ್ಸೆಂಟ್. 2,000 ರೂಪಾಯಿ ಡಿಸ್ಕೌಂಟ್‌ಗೆ ಒಂದು ಗಂಟೆ ಚೌಕಾಸಿ ಮಾಡಿ, ಇಲ್ಲಿ 14,000 ಬಿಟ್ಟು ಬರೋರು ತುಂಬಾ ಜನ ಇದ್ದಾರೆ.

ಈಗ ಡೆಲಿವರಿ ದಿನ. ಆಯುಧಪೂಜೆ, ಯುಗಾದಿ ಸಮಯದಲ್ಲಿ ಶೋರೂಮ್‌ನಲ್ಲಿ ಕಾಲಿಡೋಕೂ ಜಾಗ ಇರಲ್ಲ. ಆ ಗಡಿಬಿಡಿಯಲ್ಲಿ 'ನಂಬರ್ ಆಮೇಲೆ ಬರುತ್ತೆ, ಪೂಜೆಗೆ ಗಾಡಿ ತಗೊಂಡೋಗಿ' ಅಂದ್ರೆ ಒಪ್ಕೋಬೇಡಿ. ನೋಂದಣಿ ಆಗದೆ ಗಾಡಿ ರಸ್ತೆಗೆ ಇಳಿಸೋ ಹಾಗಿಲ್ಲ. ಅಪಘಾತ ಏನಾದ್ರೂ ಆದ್ರೆ ಇನ್ಶೂರೆನ್ಸ್ ಕ್ಲೇಮ್‌ಗೇ ತೊಂದರೆ ಬರಬಹುದು. 2019ರ ಏಪ್ರಿಲ್‌ನಿಂದ ತಯಾರಾದ ಗಾಡಿಗಳಿಗೆ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಕೊಡೋ ಜವಾಬ್ದಾರಿನೂ ಕಂಪನಿ, ಡೀಲರ್‌ದೇ.

ಫಾರಂ 21, ಅಂದ್ರೆ ಸೇಲ್ ಸರ್ಟಿಫಿಕೇಟ್ ನೋಡಿ. ಗಾಡಿ ತಯಾರಾದ ತಿಂಗಳು, ವರ್ಷ ಅದರಲ್ಲಿರುತ್ತೆ. ಜನವರಿಯಲ್ಲಿ ತಗೊಳ್ಳೋ ಗಾಡಿ ಹಿಂದಿನ ವರ್ಷದ್ದಾಗಿದ್ರೆ ಮಾರೋವಾಗ ಬೆಲೆ ಕಮ್ಮಿ ಬರುತ್ತೆ, ಹಾಗಾಗಿ ಈಗಲೇ ರೇಟ್ ಕಮ್ಮಿ ಮಾಡಿಸ್ಕೊಳ್ಳಿ. ಟೈರ್ ಮೇಲೆ ನಾಲ್ಕು ಅಂಕಿ ಇರುತ್ತೆ. 3525 ಅಂತಿದ್ರೆ 2025ರ 35ನೇ ವಾರದಲ್ಲಿ ತಯಾರಾದದ್ದು. ಚಾಸಿ ನಂಬರ್, ಎಂಜಿನ್ ನಂಬರ್ ಕಾಗದದ ಜೊತೆ ತಾಳೆ ನೋಡಿ. ಹತ್ತು ನಿಮಿಷದ ಕೆಲಸ. ಒಳ್ಳೆ ಡೀಲರ್ ಇದಕ್ಕೆ ಮುಖ ಸಿಂಡರಿಸಲ್ಲ, ಅವರೇ ಟಾರ್ಚ್ ಹಿಡಿದು ತೋರಿಸ್ತಾರೆ.

ಇಷ್ಟೆಲ್ಲಾ ಯಾಕೆ ಅಂತೀರಾ? ನಮ್ಮ ಚಿಕ್ಕಮ್ಮನ ಮಗ ಹುಬ್ಬಳ್ಳಿಯಲ್ಲಿ ಫುಡ್ ಡೆಲಿವರಿ ಮಾಡ್ತಾನೆ. ಗಾಡಿ ತಗೊಂಡು ಒಂದು ವರ್ಷ ಆಗಿರ್ಲಿಲ್ಲ, ಸ್ಟಾರ್ಟ್ ಆಗೋದು ನಿಂತೋಯ್ತು. ವಾರಂಟಿ ಇತ್ತು. ಯಾವ ವರ್ಕ್‌ಶಾಪ್ ಅನ್ನೋದು ಬೇಡ. ದಿನಾ ಫೋನ್ ಮಾಡೋದು, 'ಪಾರ್ಟ್ ಬಂದಿಲ್ರೀ, ನಾಳೆ ಫೋನ್ ಮಾಡ್ರಿ' ಅನ್ನೋ ಉತ್ತರ. ಹನ್ನೊಂದು ದಿನ ಹೋಯ್ತು. ನಮಗೆಲ್ಲ ಗಾಡಿ ಇಲ್ಲ ಅಂದ್ರೆ ಬಸ್ಸು, ಆಟೋ. ಅವನಿಗೆ ಗಾಡಿ ಇಲ್ಲ ಅಂದ್ರೆ ಸಂಪಾದನೆನೇ ಇಲ್ಲ, ಇಎಂಐ ಮಾತ್ರ ಐದನೇ ತಾರೀಕು ಕಟ್ ಆಗೇ ಆಗುತ್ತೆ. ಹನ್ನೆರಡನೇ ದಿನ ಅವನು ಜಾಬ್ ಕಾರ್ಡ್ ಫೋಟೋ, ಗಾಡಿ ಬಿಟ್ಟ ತಾರೀಕು, ಫೋನ್ ಮಾಡಿದ ದಿನಗಳನ್ನೆಲ್ಲ ಬರೆದು ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಹಾಕ್ದ. ಮೂರು ದಿನದಲ್ಲಿ ಪಾರ್ಟ್ ಬಂತು. ಇಮೇಲ್‌ಗೆ ಬಲ ಬಂದದ್ದು ಆ ಜಾಬ್ ಕಾರ್ಡ್‌ನಿಂದ.

ಅದಕ್ಕೇ ಗಾಡಿನೇ ಹೊಟ್ಟೆಪಾಡಾಗಿರೋರು ಡೀಲರ್‌ನ ಕೇಳ್ಬೇಕಾದ ಮೊದಲ ಪ್ರಶ್ನೆ ಇದು: ಸಾಮಾನ್ಯವಾಗಿ ಹೋಗೋ ಪಾರ್ಟ್‌ಗಳು ನಿಮ್ಮ ಸ್ಟಾಕ್‌ನಲ್ಲಿ ಇರುತ್ವಾ, ಇಲ್ಲ ಅಂದ್ರೆ ಎಷ್ಟು ದಿನದಲ್ಲಿ ಬರುತ್ತೆ? ಕ್ಲಚ್ ಕೇಬಲ್, ಬ್ರೇಕ್ ಶೂ, ಏರ್ ಫಿಲ್ಟರ್ ಹೆಸರು ಹೇಳಿನೇ ಕೇಳಿ. ಹೊಸ ಮಾಡೆಲ್‌ಗಾದ್ರೆ ಈ ಪ್ರಶ್ನೆ ಇನ್ನೂ ಮುಖ್ಯ.

ಸರ್ವಿಸ್ ಬಿಲ್ ಬಗ್ಗೆಯೂ ಒಂದಿಷ್ಟು. ಫ್ರೀ ಸರ್ವಿಸ್ ಅಂದ್ರೆ ಫ್ರೀ ಇರೋದು ಲೇಬರ್ ಮಾತ್ರ. ಆಯಿಲ್, ಫಿಲ್ಟರ್‌ಗೆ ದುಡ್ಡು ಕೊಡ್ಬೇಕು. ಅದು ಮೋಸ ಅಲ್ಲ. ಆದ್ರೆ ನಿಮ್ಮ ಬೈಕ್‌ಗೆ ಎಷ್ಟು ಆಯಿಲ್ ಹಿಡಿಯುತ್ತೆ ಅಂತ ಓನರ್ಸ್ ಮ್ಯಾನುಯಲ್‌ನಲ್ಲಿ ನೋಡಿ, ಬಿಲ್ ಜೊತೆ ಹೋಲಿಸಿ. ಗಾಡಿ ಬಿಡೋವಾಗಲೇ ಅಂದಾಜು ಬರೆಸ್ಕೊಳ್ಳಿ, 'ಇದಕ್ಕಿಂತ ಜಾಸ್ತಿ ಆಗೋದಾದ್ರೆ ಫೋನ್ ಮಾಡಿ ಕೇಳಿ' ಅಂತ ಜಾಬ್ ಕಾರ್ಡ್ ಮೇಲೆನೇ ಬರೆಸಿ. ದುಡ್ಡು ಕೊಟ್ಟು ಬದಲಾಯಿಸಿದ ಹಳೇ ಪಾರ್ಟ್ ವಾಪಸ್ ಕೇಳಿ. ಕೇಳ್ತೀರಿ ಅಂತ ಗೊತ್ತಾದ್ರೆ ಸಾಕು, ಬಿಲ್‌ನಲ್ಲಿ ಬರೆದಿದ್ದು ಗಾಡಿಯಲ್ಲೂ ಇರುತ್ತೆ.

ಎಲ್ಲಾ ಮಾಡಿಯೂ ಸಮಸ್ಯೆ ಬಗೆಹರಿಯದಿದ್ರೆ? ಮೊದಲು ಡೀಲರ್‌ಗೆ ಬರಹದಲ್ಲಿ, ಆಮೇಲೆ ಕಂಪನಿಗೆ. ಅದೂ ಆಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ರೆ ದೂರಿಗೆ ಶುಲ್ಕವೇ ಇಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು, ವಕೀಲರು ಇರಲೇಬೇಕು ಅಂತಿಲ್ಲ. ಎಲ್ಲಾ ಕಡೆ ಕೇಳೋದು ಒಂದೇ, ಕಾಗದ. ಹಾಗಾಗಿ ಕೊಟೇಶನ್, ರಸೀದಿ, ಜಾಬ್ ಕಾರ್ಡ್, ಬಿಲ್ ಎಲ್ಲದಕ್ಕೂ ಫೋನ್‌ನಲ್ಲಿ ಒಂದು ಫೋಲ್ಡರ್ ಮಾಡಿ ಇಟ್ಕೊಳ್ಳಿ.

ಒಂದು ಮಾತು ಹೇಳ್ಬೇಕು. ಎಲ್ಲಾ ಡೀಲರ್‌ಗಳೂ ಮೋಸಗಾರರಲ್ಲ. ತಾಲ್ಲೂಕು ಊರುಗಳಲ್ಲಿ ಗಿರಾಕಿಯನ್ನ ಹೆಸರು ಹಿಡಿದು ಕರೆಯೋ, ರಸ್ತೆಯಲ್ಲಿ ಗಾಡಿ ನಿಂತ್ರೆ ಹುಡುಗನ್ನ ಕಳಿಸೋ ಡೀಲರ್‌ಗಳಿದ್ದಾರೆ. ಅಂಥವರು ಸಿಕ್ಕಿದ್ರೆ 500 ರೂಪಾಯಿ ಜಾಸ್ತಿ ಆದ್ರೂ ಬಿಡಬೇಡಿ. ಕೆಲಸ ಚೆನ್ನಾಗಿ ಮಾಡಿದ ಮೆಕ್ಯಾನಿಕ್ ಹೆಸರು ತಿಳ್ಕೊಳ್ಳಿ, ಮುಂದಿನ ಸಲ ಅವರ ಕೈಗೇ ಗಾಡಿ ಕೊಡಿ ಅಂತ ಕೇಳಿ, ಒಂದು ಥ್ಯಾಂಕ್ಸ್ ಹೇಳಿ.

ಈ ತಿಂಗಳು ಬೈಕ್ ತಗೊಳ್ಳೋ ಯೋಚನೆಯಲ್ಲಿರೋ ಫ್ರೆಂಡ್‌ಗೆ ಈ ಎಪಿಸೋಡ್ ಕಳಿಸಿ, ಅವರು ಅಡ್ವಾನ್ಸ್ ಕೊಡೋ ಮುಂಚೆನೇ ಕಳಿಸಿ. ನಿಮ್ಮ ಊರಿನ ಒಳ್ಳೆ ವರ್ಕ್‌ಶಾಪ್ ಬಗ್ಗೆ ನಮಗೆ ವಾಯ್ಸ್ ನೋಟ್ ಹಾಕಿ. ಮುಂದಿನ ವಾರ ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳೋವಾಗ ಆರ್‌ಸಿ, ಎನ್‌ಒಸಿ ಹೇಗೆ ನೋಡ್ಬೇಕು ಅಂತ ಮಾತಾಡೋಣ. ಅಲ್ಲಿವರೆಗೂ ಹೆಲ್ಮೆಟ್ ಹಾಕ್ಕೊಳ್ಳಿ, ಬಕಲ್‌ನೂ ಹಾಕಿ.