ಒಂದು ‘ಕ’ಗೆ ಎಷ್ಟು ಪಾವು?

(ಕನ್ನಡ ಯುವಕರ ಕೂಟವೊಂದರಲ್ಲಿ ಆಡಿದ ಮಾತಿನ ಬರಹರೂಪ)



ನಿಮ್ಮಲ್ಲಿ ಅರ್ಧಕ್ಕರ್ಧ ಜನ ಸಿ ಭಾಷೆಯ ಪರೀಕ್ಷೆ ಬರೆದವರು. ‘ಚಾರ್ ಎಂದರೆ ಒಂದು ಬೈಟು, ಇಂಟ್ ಎಂದರೆ ನಾಲ್ಕು ಬೈಟು’ ಎಂದು ಗಿಳಿಪಾಠ ಒಪ್ಪಿಸಿದವರು. ನಾಲ್ಕು ಅಂತ ಯಾರು ಹೇಳಿದ್ದು? ಯಾಕೆ ನಾಲ್ಕು? ಕೇಳಿದ್ದೀರಾ? ಇಲ್ಲ. ಮಾರ್ಕು ಬಂತು, ಮರೆತಿರಿ. ಇವತ್ತು ಅದನ್ನೇ ಕೇಳೋಣ. ಯಾಕೆಂದರೆ ಈ ಅಳತೆಯ ಲೆಕ್ಕದೊಳಗೆ ನಮ್ಮ ಅಕ್ಷರವೂ ನಮ್ಮ ಹೆಸರೂ ಸಿಕ್ಕಿಕೊಂಡಿವೆ.

ಮೊದಲು ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಯಂತ್ರಕ್ಕೆ ಇಂಟ್ ಗೊತ್ತಿಲ್ಲ, ಚಾರ್ ಗೊತ್ತಿಲ್ಲ. ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಅದರ ಮುಂದಿರುವುದು ಬೈಟುಗಳ ಉದ್ದನೆಯ ಸಾಲು, ಅಷ್ಟೇ. ಎಷ್ಟು ಬೈಟು ಎತ್ತಬೇಕು, ಎತ್ತಿದ್ದನ್ನು ಏನೆಂದು ತಿಳಿಯಬೇಕು ಎಂದು ಒಂದೊಂದು ಆಜ್ಞೆಯಲ್ಲೂ ಬರೆದುಕೊಡುವವನು ಕಂಪೈಲರ್. ಫ್ಲೋಟ್ ಎಂದು ಬರೆದಿಟ್ಟ ‘ಒಂದು’ ಎಂಬ ಸಂಖ್ಯೆಯ ಅದೇ ನಾಲ್ಕು ಬೈಟುಗಳನ್ನು ಇಂಟ್ ಎಂದು ಓದಿ ನೋಡಿ: ೧೦೬ ಕೋಟಿ ೫೩ ಲಕ್ಷ ೫೩ ಸಾವಿರದ ೨೧೬! ಬೈಟು ಬದಲಾಗಲಿಲ್ಲ, ಓದಿದ ರೀತಿ ಬದಲಾಯಿತು.

ಅಜ್ಜಿಯ ಅಡುಗೆಮನೆಯ ಪಾವು, ಅಚ್ಚೇರು, ಸೇರು ನೆನಪಿದೆಯೇ? ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು. ಬೈಟು ಎಂದರೆ ಪಾವು ಎಂದುಕೊಳ್ಳಿ. ನಮ್ಮ ಮೇಜಿನ ಮೇಲಿನ ಇಂಟೆಲ್, ಎಎಂಡಿ ಯಂತ್ರಗಳಿಗಾಗಿ ಜಿಸಿಸಿ ಕಂಪೈಲರ್ ಒಂದು ಪಾವು ಸಾಗಿಸಲು ‘ಮೂವ್‌ಬಿ’ ಎಂದು ಬರೆಯುತ್ತದೆ. ಅಚ್ಚೇರಿಗೆ ‘ಮೂವ್‌ಡಬ್ಲ್ಯೂ’, ಸೇರಿಗೆ ‘ಮೂವ್‌ಎಲ್’, ಎರಡು ಸೇರಿಗೆ ‘ಮೂವ್‌ಕ್ಯೂ’. ಕೊನೆಯ ಅಕ್ಷರವೇ ಅಳತೆ.

ಡಬ್ಲ್ಯೂ ಎಂದರೆ ವರ್ಡ್. ಅದರ ಕತೆ ಕೇಳಿ. ೧೯೭೮ರಲ್ಲಿ ಬಂದ ಇಂಟೆಲ್ ೮೦೮೬ ಚಿಪ್ಪು ೧೬ ಬಿಟ್ಟಿನದು. ೧೬ ಬಿಟ್ಟಿಗೆ ‘ವರ್ಡ್’ ಎಂದು ಹೆಸರಿಟ್ಟರು. ೧೯೮೫ರ ೮೦೩೮೬ ಚಿಪ್ಪು ೩೨ ಬಿಟ್ಟಿಗೆ ಬೆಳೆಯಿತು. ಹೆಸರು ಬದಲಾಯಿತೇ? ಇಲ್ಲ! ೩೨ಕ್ಕೆ ‘ಡಬಲ್ ವರ್ಡ್’ ಎಂದರು. ಜಿಸಿಸಿಯ ‘ಎಲ್’ ಕೂಡ ೩೨ ಬಿಟ್ಟನ್ನು ‘ಲಾಂಗ್’ ಎಂದು ಕರೆಯುತ್ತಿದ್ದ ಕಾಲದ ಪಳೆಯುಳಿಕೆ. ೨೦೦೩ರಲ್ಲಿ ಎಎಂಡಿಯ ೬೪ ಬಿಟ್ ಚಿಪ್ಪು ಬಂದಾಗ ‘ಕ್ವಾಡ್ ವರ್ಡ್’. ಆ ೧೬ ಬಿಟ್ಟಿನ ಕಾಲದಲ್ಲಿ ಇಟ್ಟ ಹೆಸರಿಗೆ ಇವತ್ತಿಗೂ ಇಡೀ ಜಗತ್ತು ಗುಣಾಕಾರ ಹಾಕುತ್ತಿದೆ.

ಸೇರು ಊರಿಂದೂರಿಗೆ ಬೇರೆಯಾಗುತ್ತಿತ್ತಲ್ಲ, ಇಲ್ಲೂ ಹಾಗೆಯೇ. ೬೪ ಬಿಟ್ ಲಿನಕ್ಸಿನಲ್ಲಿ ‘ಲಾಂಗ್’ ಎಂಟು ಬೈಟು, ೬೪ ಬಿಟ್ ವಿಂಡೋಸಿನಲ್ಲಿ ನಾಲ್ಕೇ. ಲ್ಯಾಬಿನ ಹಳೆಯ ಟರ್ಬೊ ಸಿಯಲ್ಲಿ ‘ಇಂಟ್’ ಎರಡೇ ಬೈಟು. ೩೨,೭೬೭ಕ್ಕೆ ಒಂದು ಕೂಡಿಸಿದರೆ ಮೈನಸ್ ೩೨,೭೬೮!

ನಗಬೇಡಿ. ಚಿಕ್ಕ ಪಾತ್ರೆಗೆ ದೊಡ್ಡದನ್ನು ಸುರಿದರೆ ಏನಾಗುತ್ತದೆಂದು ೧೯೯೬ರ ಜೂನ್ ೪ರಂದು ಯುರೋಪಿನವರು ಕಣ್ಣಾರೆ ಕಂಡರು. ಫ್ರೆಂಚ್ ಗಯಾನಾದಿಂದ ಏರಿದ ಏರಿಯಾನ್ ೫ ರಾಕೆಟ್ ಸುಮಾರು ೪೦ ಸೆಕೆಂಡಿನಲ್ಲಿ ಚೂರುಚೂರಾಯಿತು. ೬೪ ಬಿಟ್ಟಿನ ದಶಮಾಂಶ ಸಂಖ್ಯೆಯೊಂದನ್ನು ೧೬ ಬಿಟ್ಟಿನ ಪೂರ್ಣಾಂಕಕ್ಕೆ ತುರುಕಲು ಹೋಗಿ ದಾರಿ ತೋರುವ ಕಂಪ್ಯೂಟರುಗಳೇ ಕೈಚೆಲ್ಲಿದವು. ಆ ಪ್ರೋಗ್ರಾಮು ಏರಿಯಾನ್ ೪ರಿಂದ ಎತ್ತಿ ತಂದದ್ದು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. ಪಾತ್ರೆ ಮಾತ್ರ ಹಳೆಯದು. ಅಪಾಯದಲ್ಲಿದ್ದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಕಾವಲು ಹಾಕಿದ್ದರು, ಮೂರನ್ನು ಬಿಟ್ಟಿದ್ದರು.

ಈಗ ನಮ್ಮ ಮನೆಗೆ ಬನ್ನಿ. ಸಿ ಭಾಷೆಯ ಚಾರ್ ಒಂದೇ ಪಾವು. ಅಮೆರಿಕನ್ನರ ಆಸ್ಕಿ ಪಟ್ಟಿಯಲ್ಲಿ ೧೨೮ ಗುರುತು. ಅದಕ್ಕೆ ಪಾವು ಧಾರಾಳ. ಯೂನಿಕೋಡಿನಲ್ಲಿ ನಮ್ಮ ‘ಕ’ಯ ಅಂಕೆ ೩೨೨೧. ಯುಟಿಎಫ್-೮ ಪದ್ಧತಿಯಲ್ಲಿ ಎರಡು ಬೈಟಿಗೆ ಹಿಡಿಯುವುದು ೨೦೪೭ರವರೆಗೆ ಮಾತ್ರ. ಹಾಗಾಗಿ ‘ಕ’ಗೆ ಮೂರು ಪಾವು: ೨೨೪, ೧೭೮, ೧೪೯. ‘ಕನ್ನಡ’ ಎಂದು ಬರೆದರೆ ಕ, ನ, ವಿರಾಮ, ನ, ಡ ಒಟ್ಟು ಐದು; ೧೫ ಬೈಟು, ಕೊನೆಯ ಸೊನ್ನೆ ಸೇರಿ ೧೬.

ಇನ್ನೊಂದು ಗೂಢ ಕೇಳಿ. ಇಂಟೆಲ್ ಯಂತ್ರಗಳ ಕಂಪೈಲರುಗಳು ಸಾಮಾನ್ಯವಾಗಿ ಚಾರ್‌ಗೆ ಋಣ ಚಿಹ್ನೆ ಉಂಟೆಂದು ಭಾವಿಸುತ್ತವೆ. ೧೨೭ ದಾಟಿದ್ದೆಲ್ಲ ಋಣ. ನಮ್ಮ ೨೨೪ ಅಲ್ಲಿ ಮೈನಸ್ ೩೨! ಎಆರ್‌ಎಂ ಚಿಪ್ಪಿನ ಲಿನಕ್ಸಿನಲ್ಲಿ ಅದೇ ಬೈಟು ೨೨೪ ಆಗಿಯೇ ಉಳಿಯುತ್ತದೆ. ಅಕ್ಷರದ ಬೆಲೆ ಹಿಡಿದು ಪಟ್ಟಿಯಲ್ಲಿ ಹುಡುಕುವ ಪ್ರೋಗ್ರಾಮು ಮೈನಸ್ ೩೨ನೇ ಮನೆಗೆ ಹೋದರೆ ಪಟ್ಟಿಯ ಹೊರಗೆ ಬಿದ್ದಂತೆ. ‘ಅನ್‌ಸೈನ್ಡ್ ಚಾರ್’ ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಒಂದೇ ಪದ!

ಒಂದು ಕಚೇರಿಯ ರಸೀದಿಯಲ್ಲಿ ‘ಮಂಜುನಾ’ ಎಂಬ ಹೆಸರು, ಅದರ ಪಕ್ಕ ಒಂದು ಖಾಲಿ ಡಬ್ಬಿ ಅಚ್ಚಾಗಿದ್ದನ್ನು ಕಂಡೆ. ‘ಕನ್ನಡ ಕಂಪ್ಯೂಟರಿಗೆ ಒಗ್ಗಲ್ಲ ಸಾರ್’ ಅಂದರು ಕೌಂಟರಿನವರು. ನಾನು ಬೆರಳು ಮಡಚಿ ಎಣಿಸಿದೆ. ಮಂಜುನಾಥ: ಮ, ಸೊನ್ನೆ, ಜ, ಉಕಾರ, ನ, ದೀರ್ಘ, ಥ. ಏಳು ಮೂರಲಿ ಇಪ್ಪತ್ತೊಂದು ಬೈಟು. ಹೆಸರಿಗೆ ಕೊಟ್ಟ ಜಾಗ ಇಪ್ಪತ್ತು ಬೈಟು ಇದ್ದಿರಬೇಕು. ‘ಥ’ದ ಮೂರರಲ್ಲಿ ಎರಡು ಪಾಲು ಒಳಗೆ, ಒಂದು ಪಾಲು ಬೀದಿಯಲ್ಲಿ! ಇಂಗ್ಲಿಷ್ ಲಿಪಿಯಲ್ಲಾದರೆ ಹತ್ತೇ ಬೈಟು, ಆರಾಮ.

ಕಂಪೈಲರನ್ನು ಬೈಯಬೇಡಿ. ಅದು ಹೇಳಿದಷ್ಟೇ ಅಳೆಯಿತು. ಇಪ್ಪತ್ತು ಎಂದು ಬರೆದದ್ದು ಒಬ್ಬ ಮನುಷ್ಯ. ಬಹುಶಃ ನಮ್ಮೂರಿನವನೇ, ನಿಮ್ಮ ಹಾಗೆ ಮಾರ್ಕು ತೆಗೆದವನೇ. ಬೈಟನ್ನೇ ಅಕ್ಷರವೆಂದು ಎಣಿಸಿದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಒಂದು ಚಾರ್, ಒಂದು ಶಾರ್ಟ್, ಒಂದು ಇಂಟ್, ಒಂದು ಲಾಂಗ್ ಇಟ್ಟು ಐದು ಸಾಲಿನ ಪ್ರೋಗ್ರಾಮು ಬರೆಯಿರಿ. ಜೊತೆಗೆ ನಿಮ್ಮ ಹೆಸರನ್ನು ಕನ್ನಡದಲ್ಲಿ ಹಾಕಿ ‘ಸೈಜ್‌ಆಫ್’ ಕೇಳಿ. ಜಿಸಿಸಿಗೆ ದೊಡ್ಡಕ್ಷರದ ‘-ಎಸ್’ ಕೊಟ್ಟರೆ ಅದು ಯಂತ್ರಕ್ಕೆ ಹೇಳುವ ಆಜ್ಞೆಗಳನ್ನು ನಿಮಗೇ ಬರೆದುಕೊಡುತ್ತದೆ. ಬಿ, ಡಬ್ಲ್ಯೂ, ಎಲ್, ಕ್ಯೂಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಬರುವ ಭಾನುವಾರ ತನ್ನಿ. ಕೂತು ಓದೋಣ. ಕಾಫಿ ನನ್ನದು.