ಹಣದ ಕಾಗದ ಓದಬಲ್ಲ ಮಕ್ಕಳು ಬೇಕು

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟ್‌ನ ಪರವಾಗಿ ಮಾಡಿದ ಭಾಷಣ)

 

ಇಷ್ಟು ವರ್ಷ ನಾವು ಅರ್ಜಿಗಳನ್ನು ನೋಡುವಾಗ ಇಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ ಎಂದರೆ ಮೇಲೆ ಎತ್ತಿಡುತ್ತಿದ್ದೆವು. ಬಿ.ಕಾಂ., ಎಂ.ಕಾಂ. ಅರ್ಜಿಗಳು ಅಡಿಯಲ್ಲಿ ಉಳಿಯುತ್ತಿದ್ದವು. ಅದು ನಮ್ಮ ತಪ್ಪು.

ಅದನ್ನು ನಮಗೆ ತಿಳಿಸಿದವರು ಕಾಪು ಕಡೆಯ ಒಬ್ಬ ಹಿರಿಯರು. ‘ಬಡ್ಡಿಯಿಲ್ಲ, ತಿಂಗಳು ತಿಂಗಳು ಹಲಾಲ್ ಲಾಭ’ ಎಂದವರ ಕೈಗೆ ಗಲ್ಫ್ ದುಡಿಮೆಯ ಹಣ ಕೊಡುವ ಮೊದಲು ಅವರು ನಮ್ಮ ಕಚೇರಿಗೆ ಬಂದು, ಕಾಗದ ತೋರಿಸಿ, ‘ಇದು ಸರಿ ಉಂಟಾ?’ ಎಂದು ಕೇಳಿದ್ದರು. ಓದಿ ಹೇಳಬಲ್ಲವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ‘ನೋಡಿಕೊಂಡು ಹಾಕಿ’ ಎಂದು ಕಳುಹಿಸಿದೆವು. ಕೆಲವು ತಿಂಗಳು ಲಾಭ ಬಂತು. ಆಮೇಲೆ ಆ ಕಚೇರಿಯ ಬಾಗಿಲಿಗೆ ಬೀಗ ಬಿತ್ತು. ಮಗಳ ಓದಿಗೆಂದು ಕೂಡಿಟ್ಟದ್ದೆಲ್ಲ ಹೋಯಿತು. ಈ ವರ್ಷ ಆ ಮಗಳ ಅರ್ಜಿ ನಮ್ಮ ಮೇಜಿನ ಮೇಲಿತ್ತು.

ಬ್ಯಾಂಕಿನ ಮಾತು ಬಂದಾಗ ಹೀಗೆ ಸುಮ್ಮನಿರಬೇಕಾದ ಊರು ನಮ್ಮದಲ್ಲ. 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಉಡುಪಿಯಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಬಂಡವಾಳ 5,000 ರೂಪಾಯಿ. ಮೊದಲ ದಿನದ ಜಮೆ 38 ರೂಪಾಯಿ 13 ಆಣೆ 2 ಪೈ. ಜಾತಿ ಮತ ನೋಡದೆ ಎಲ್ಲರಿಗೂ ಉಳಿತಾಯ ಕಲಿಸುವುದು ಅವರ ಉದ್ದೇಶವಾಗಿತ್ತು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು ಕಟ್ಟಿದ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆಯಿತು. 1928ರಲ್ಲಿ ಅದು ಪಿಗ್ಮಿ ಯೋಜನೆ ತಂದಿತು. ದಿನಕ್ಕೆ ಎರಡಾಣೆ ಕೊಡಬಲ್ಲವರ ಮನೆ ಬಾಗಿಲಿಗೂ ಬ್ಯಾಂಕು ನಡೆದು ಬಂತು.

2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಬೋರ್ಡು ಬದಲಾದಾಗ ನಮಗೆ ಬೇಸರವಾಯಿತು. ಆದರೆ ಯಾರ ಪಾಸ್‌ಬುಕ್ಕಿನ ಹಣವೂ ಕರಗಲಿಲ್ಲ. ಅಲ್ಲಿ ಕಾನೂನಿತ್ತು, ಲೆಕ್ಕ ಕೇಳುವವರಿದ್ದರು.

ಆ ಕಾನೂನು ಕೂಡ ಜನರ ನಷ್ಟದಿಂದಲೇ ಹುಟ್ಟಿದ್ದು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿತು; 1962ರಲ್ಲಿ ಠೇವಣಿ ವಿಮೆ ಬಂತು. ಆಗ ಅದರ ಮಿತಿ 1,500 ರೂಪಾಯಿ. ಈಗ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿ. ಬೀದಿಗೊಂದರಂತೆ ಇರುವ ಪತ್ತಿನ ಸಹಕಾರಿ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ಸಂಘಗಳು ಕೆಟ್ಟವು ಎಂದು ನಾವು ಹೇಳುತ್ತಿಲ್ಲ. ವ್ಯತ್ಯಾಸ ಗೊತ್ತಿದ್ದು ಹಣ ಇಡಿ ಎನ್ನುತ್ತೇವೆ.

ಹಾಗಾಗಿ ಯಾರು ಹಣ ಕೇಳಿದರೂ ಮೂರು ಪ್ರಶ್ನೆ ಕೇಳಿ. ನಿಮಗೆ ಅನುಮತಿ ಕೊಟ್ಟವರು ಯಾರು? ಬ್ಯಾಂಕಾದರೆ ರಿಸರ್ವ್ ಬ್ಯಾಂಕ್, ಷೇರು ಅಥವಾ ಮ್ಯೂಚುವಲ್ ಫಂಡ್ ಆದರೆ ಸೆಬಿ. ಲಾಭ ಯಾವ ವ್ಯಾಪಾರದಿಂದ ಬರುತ್ತದೆ? ನಷ್ಟವಾದರೆ ಹೊರುವವರು ಯಾರು? ವ್ಯಾಪಾರದಲ್ಲಿ ನಷ್ಟವೇ ಇಲ್ಲ ಎನ್ನುವವರ ಎದುರಿನಿಂದ ಎದ್ದು ಬನ್ನಿ. ಅನುಮತಿಯಿಲ್ಲದ ಠೇವಣಿ ಯೋಜನೆಗಳನ್ನು 2019ರ ಕಾಯ್ದೆ ನಿಷೇಧಿಸಿದೆ.

ಬಡ್ಡಿಯ ಬಗ್ಗೆ ನಮ್ಮ ಮನೆಗಳಲ್ಲಿರುವ ಹಿಂಜರಿಕೆಯನ್ನು ನಾವು ಗೌರವಿಸುತ್ತೇವೆ. ಆದರೆ ಆ ಹಿಂಜರಿಕೆಯನ್ನೇ ಬಂಡವಾಳ ಮಾಡಿಕೊಂಡವರು ನಮ್ಮವರನ್ನು ಮುಳುಗಿಸಿದ್ದಾರೆ. ಬಡ್ಡಿ ಬೇಡ ಎನ್ನುವವರಿಗೆ ಹಣದ ಕಾನೂನು ಇನ್ನೂ ಚೆನ್ನಾಗಿ ಗೊತ್ತಿರಬೇಕು. ಸಾಲದ ವ್ಯವಹಾರವನ್ನು ಸಾಕ್ಷಿಯಿಟ್ಟು ಬರೆದಿಡಬೇಕೆಂದು ಹೇಳುವ ವಚನವೇ ಕುರ್‌ಆನ್‌ನಲ್ಲಿ ಅತಿ ದೀರ್ಘವಾದದ್ದು. ಇನ್ನೊಬ್ಬರ ಹಣ ಅಮಾನತ್ತು.

ಅದಕ್ಕಾಗಿ ಈ ವರ್ಷದಿಂದ ವಾಣಿಜ್ಯ, ಅರ್ಥಶಾಸ್ತ್ರ, ಬ್ಯಾಂಕಿಂಗ್, ಸಿ.ಎ., ಕಾನೂನು ಓದುವವರ ಅರ್ಜಿಗಳನ್ನೂ ಉಳಿದವುಗಳ ಸಾಲಿನಲ್ಲೇ ಇಡುತ್ತೇವೆ. ರಿಸರ್ವ್ ಬ್ಯಾಂಕ್, ಸೆಬಿ ಅಧಿಕಾರಿ ಹುದ್ದೆಗಳ ಪರೀಕ್ಷೆಗೆ ಕೂರುವವರ ಪುಸ್ತಕದ ಖರ್ಚನ್ನೂ ಕೊಡುತ್ತೇವೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಕಾಲೇಜಿನ ಶುಲ್ಕ ರಶೀದಿಯೊಂದಿಗೆ ಕಚೇರಿಗೆ ಬನ್ನಿ. ಹೆಣ್ಣುಮಕ್ಕಳು ಹಿಂಜರಿಯಬೇಡಿ.

ವೇತನ ಪಡೆದವರಲ್ಲಿ ನಮ್ಮದೊಂದೇ ಕೋರಿಕೆ. ಓದು ಮುಗಿದ ಮೇಲೆ ತಿಂಗಳಿಗೊಂದು ದಿನ ನಮ್ಮ ಕಚೇರಿಯಲ್ಲಿ ಕುಳಿತುಕೊಳ್ಳಿ. ಇನ್ನೊಬ್ಬ ಹಿರಿಯರು ಕಾಗದ ಹಿಡಿದು ‘ಇದು ಸರಿ ಉಂಟಾ?’ ಎಂದು ಬಂದಾಗ ಓದಿ ಉತ್ತರ ಹೇಳಿ. ಕಾಪುವಿನ ಆ ಮಗಳು ಬಿ.ಕಾಂ.ಗೆ ಸೇರಿದ್ದಾಳೆ, ಮೊದಲ ಹೆಸರು ಅವಳೇ ಕೊಟ್ಟಿದ್ದಾಳೆ.