ಉಪಸರ್ಗದಲ್ಲಿ ಶ್ರದ್ಧೆ
(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)



ಭಗವಾನ್ ಪಾರ್ಶ್ವನಾಥ ಸ್ವಾಮಿಯ ಬಿಂಬಪ್ರತಿಷ್ಠೆಯ ಈ ಪುಣ್ಯಾವಸರದಲ್ಲಿ, ನಮ್ಮೆಲ್ಲರ ಮನಸ್ಸಿನಲ್ಲಿಯೂ ಒಂದಲ್ಲ ಒಂದು ದಿನ ಏಳುವ ಪ್ರಶ್ನೆಯೊಂದನ್ನು ಎತ್ತಿಕೊಳ್ಳುತ್ತೇನೆ. ನಿತ್ಯವೂ ದೇವದರ್ಶನ ಮಾಡಿ, ಅಣುವ್ರತಗಳನ್ನು ಪಾಲಿಸಿ, ಯಾರಿಗೂ ಕೇಡು ಬಗೆಯದೆ ಬಾಳಿದವನಿಗೆ ಕಷ್ಟ ಬರುವುದೇಕೆ? ದಾಯಾದಿಗಳ ವಂಚನೆಯೋ, ಕಚೇರಿಯ ಅನ್ಯಾಯವೋ, ಮಾಡದ ತಪ್ಪಿಗೆ ಬಂದ ಅಪವಾದವೋ ಮೇಲೆರಗಿದಾಗ “ಇಷ್ಟು ಪೂಜೆ ಮಾಡಿ ಫಲವೇನಾಯಿತು?” ಎಂಬ ನಿಟ್ಟುಸಿರು ಹೊರಡುತ್ತದೆ.

ಆ ನಿಟ್ಟುಸಿರಿನೊಳಗೆ ಒಂದು ವ್ಯಾಪಾರ ಅಡಗಿದೆ. ಜಿನನು ವೀತರಾಗನು; ಪೂಜಿಸಿದವನಿಗೆ ಒಲಿದು ವರವೀಯುವುದಿಲ್ಲ, ನಿಂದಿಸಿದವನಿಗೆ ಮುನಿದು ದಂಡಿಸುವುದಿಲ್ಲ. ಆತನು ದಾರಿಯನ್ನು ತಾನೇ ನಡೆದು ತೋರಿದವನು. ಕಷ್ಟ ಬಂದಿತೆಂದು ಆತನನ್ನು ತೊರೆಯುವುದು, ಕತ್ತಲೆಯಾಯಿತೆಂದು ಕೈದೀವಿಗೆಯನ್ನು ಎಸೆದಂತೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿಃಕಾಂಕ್ಷಿತವೂ ಒಂದು. ಫಲಾಪೇಕ್ಷೆಯಿಲ್ಲದ ಶ್ರದ್ಧೆಯೇ ಶ್ರದ್ಧೆ.

ಸ್ವಾಮಿಯ ಭವಾವಳಿಯನ್ನೇ ನೋಡಿರಿ. ಪೋದನಪುರದ ಮರುಭೂತಿಗೆ ಅನ್ಯಾಯ ಮಾಡಿದವನು ಒಡಹುಟ್ಟಿದ ಅಣ್ಣನಾದ ಕಮಠನು. ಆದರೂ ಮರುಭೂತಿಯು ವೈರವನ್ನು ಬಿಟ್ಟು ಅಣ್ಣನನ್ನು ಸಮಾಧಾನಪಡಿಸಲು ಹೋದನು. ಆಗ ಕಮಠನು ಕಲ್ಲಿನಿಂದ ಅವನನ್ನು ಕೊಂದನು. ಆ ವೈರವು ಭವಭವಗಳಲ್ಲಿ ಬೆನ್ನಟ್ಟಿ, ಕಡೆಗೆ ಪ್ರತಿಮಾಯೋಗದಲ್ಲಿ ನಿಂತ ಸ್ವಾಮಿಯ ಮೇಲೆ ಏಳು ದಿನಗಳ ಘೋರ ಉಪಸರ್ಗವಾಗಿ ಸುರಿಯಿತು. ಧರಣೇಂದ್ರ ಪದ್ಮಾವತಿಯರು ಬಂದು ರಕ್ಷಿಸಿದರು. ಕಾಡಿದವನ ಮೇಲೆ ದ್ವೇಷವಿಲ್ಲ, ಕಾಪಾಡಿದವರ ಮೇಲೆ ಮೋಹವಿಲ್ಲ. ಆ ಸಮಭಾವದಲ್ಲಿಯೇ ಕೇವಲಜ್ಞಾನವು ಉದಯಿಸಿತು.

ಹಾಗಾದರೆ ಅನ್ಯಾಯವನ್ನು ಬಾಯ್ಮುಚ್ಚಿ ಸಹಿಸುವುದೇ ಗೃಹಸ್ಥನ ಧರ್ಮವೇ ಎಂದು ಕೇಳಬಹುದು. ಅಲ್ಲ. ಇದಕ್ಕೆ ನಮ್ಮ ನಾಡಿನ ಇತಿಹಾಸವೇ ಸಾಕ್ಷಿ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ 1368ರ ಶಿಲಾಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿದಾಗ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಭವ್ಯಜನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿದರು. ಅವರು ಧರ್ಮವನ್ನು ಬಿಡಲಿಲ್ಲ, ಸೇಡಿಗೂ ನಿಲ್ಲಲಿಲ್ಲ, ನ್ಯಾಯವನ್ನು ಕೇಳಿದರು. ರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಹಿಂದಿನಂತೆಯೇ ಉಳಿಯಿತು. ವರ್ಷಕ್ಕೆ ಮನೆಗೊಂದು ಹಣದಂತೆ ಜೈನರಿಂದ ಕೂಡಿದ ದ್ರವ್ಯದಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆ ತಿರುಮಲೆಯ ತಾತಯ್ಯನವರಿಗೆ ಸಂದಿತು. ನಿನ್ನೆಯ ಪ್ರತಿಪಕ್ಷವೇ ಇಂದಿನ ರಕ್ಷಕನಾಯಿತು! ದ್ವೇಷವನ್ನು ಸಾಧಿಸಿದ್ದರೆ ಇದು ಸಾಧ್ಯವಾಗುತ್ತಿತ್ತೇ?

ಕೊನೆಯದಾಗಿ ಒಂದು ಮಾತು. ನಮ್ಮ ಮೇಲೆ ಬಂದ ದುಃಖಕ್ಕೆ ಪೂರ್ವಕರ್ಮವನ್ನು ನೆನೆಯುವುದು ವಿವೇಕ. ನೆರೆಯವನ ದುಃಖವನ್ನು ಕಂಡು “ಅವನ ಕರ್ಮ” ಎಂದು ಮುಖ ತಿರುಗಿಸುವುದು ನಿರ್ದಯೆ. ಕರ್ಮಸಿದ್ಧಾಂತವು ನಮ್ಮನ್ನು ನಾವು ತಿದ್ದಿಕೊಳ್ಳಲು ಇದೆ, ಪರರನ್ನು ಕೈಬಿಡಲು ಅಲ್ಲ. ಶ್ರದ್ಧೆಯಿಂದ ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವ ಸ್ಥಿತಿಕರಣವೂ, ಸಾಧರ್ಮಿಗಳಲ್ಲಿ ತೋರುವ ವಾತ್ಸಲ್ಯವೂ ಸಮ್ಯಗ್ದರ್ಶನದ ಅಂಗಗಳೇ. ಅನ್ಯಾಯಕ್ಕೊಳಗಾದವನು ಬಸದಿಗೆ ಬರುವುದನ್ನು ನಿಲ್ಲಿಸಿದನೆಂದರೆ, ಅವನ ಶ್ರದ್ಧೆ ಸಡಿಲಿತೆಂದು ಆಡಿಕೊಳ್ಳುವ ಮುನ್ನ, ಅವನ ಮನೆಗೆ ನಾವು ಹೋದೆವೇ ಎಂದು ಕೇಳಿಕೊಳ್ಳೋಣ.

ಈ ಜಿನಮಂದಿರದಲ್ಲಿ ಶಿಲೆಯ ಬಿಂಬವು ಸ್ಥಿರಪಟ್ಟಿದೆ. ನಮ್ಮ ಹೃದಯದಲ್ಲಿ ಶ್ರದ್ಧೆಯು ಸ್ಥಿರಪಡಲಿ. ನೊಂದವರ ಮನೆಯ ಹಾದಿಯು ನಮಗೆ ಬಸದಿಯ ಹಾದಿಯಷ್ಟೇ ಪರಿಚಿತವಾಗಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ. ಸರ್ವರಿಗೂ ಮಂಗಳವಾಗಲಿ.